ಹಿಡಿಂಬನ ಹಲ್ಲು, ದುರ್ಗದ ಬಂಡೆ

ಚಿತ್ರದುರ್ಗದ ಮೇಲುದುರ್ಗದಲ್ಲಿರುವ ಹಿಡಿಂಬೇಶ್ವರ ಗುಡಿಯಲ್ಲಿ ಎಲುಬಿನ ತುಂಡೊಂದನ್ನು ರಾಕ್ಷಸ ಹಿಡಿಂಬನ ಹಲ್ಲು ಎಂದು ತಲೆಮಾರುಗಳಿಂದ ತೋರಿಸುತ್ತ ಬಂದಿದ್ದಾರೆ. ಅದರ ಜೊತೆಗೆ ಕಬ್ಬಿಣದ ತಗಡು ಜೋಡಿಸಿ ಮಾಡಿದ ಭೇರಿಯೂ ಉಂಟು. ಸುಮಾರು ಆರು ಅಡಿ ಎತ್ತರ, ಹತ್ತು ಅಡಿ ಸುತ್ತಳತೆ. ರಾಜರ ಇಸವಿ, ಶಾಸನದ ಸಾಲು ಹುಡುಕಿಕೊಂಡು ಬಂದ ಮೈಸೂರು ಗೆಜೆಟಿಯರಿನವರು ಕೂಡ ಈ ಹಲ್ಲು, ಈ ಭೇರಿಯ ಮುಂದೆ ನಿಂತು ನಾಲ್ಕು ಮಾತು ಬರೆದೇ ಮುಂದೆ ಹೋಗಿದ್ದಾರೆ. ಬೆಟ್ಟದ ಮೇಲಿನ ಗುಡಿಗಳಲ್ಲೆಲ್ಲ ಇದೇ ಹಳೆಯದು ಎಂಬ ಮಾತೂ ಇದೆ. ಒಬ್ಬ ರಾಕ್ಷಸನ ಹೆಸರಿನಲ್ಲಿ ಶಿವ ಇದ್ದಾನೆ, ಆ ರಾಕ್ಷಸನ ಹಲ್ಲನ್ನು ಶಿವನ ಪಕ್ಕದಲ್ಲೇ ಕಾಪಾಡಿದ್ದಾರೆ. ಈ ಕಥೆ ಇಲ್ಲಿ ಹುಟ್ಟಿದ್ದು ಹೇಗೆ, ಈ ಬಂಡೆಗಳ ಮೇಲೇ ಏಕೆ ನೆಲೆ ನಿಂತಿತು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ.

ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯವರಾದ ನಮಗೆ ದುರ್ಗ ಎಂದರೆ ಚಿತ್ರದುರ್ಗವೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ತಾಲ್ಲೂಕು ಅದಕ್ಕೆ ಸೇರಿತು, ಕಚೇರಿಯ ಕಾಗದಗಳೆಲ್ಲ ಆ ಕಡೆ ಹೋದವು. ಕಥೆಗಳು ಮಾತ್ರ ದುರ್ಗದಲ್ಲೇ ಉಳಿದವು. ನಮ್ಮದು ಮಳೆಯನ್ನೇ ನೆಚ್ಚಿದ ಸೀಮೆ. ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಹೊಲ, ನಡುನಡುವೆ ಕುರುಚಲು ಗುಡ್ಡ. ಸಂಜೆ ಕರೆಂಟು ಹೋದ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರ ಬಾಯಲ್ಲಿ ದುರ್ಗವಾಳಿದ ಪಾಳೆಯಗಾರ ಮದಕರಿನಾಯಕನೂ ಬರುತ್ತಿದ್ದ, ಕೋಟೆ ಕಾದ ಒನಕೆ ಓಬವ್ವನೂ ಬರುತ್ತಿದ್ದಳು. ಅವರಿಬ್ಬರಿಗಿಂತ ಹಿಂದೆ, ಮಾತು ಶುರುವಾಗುವಾಗಲೇ ಹಿಡಿಂಬ ಬಂದು ನಿಂತಿರುತ್ತಿದ್ದ.

ಆ ಕಥೆ ಗೊತ್ತಿರುವುದೇ. ಅರಗಿನ ಮನೆಯಿಂದ ಪಾರಾದ ಪಾಂಡವರು ತಾಯಿಯೊಂದಿಗೆ ಕಾಡು ಸೇರುತ್ತಾರೆ. ಕಾಡಿನಲ್ಲಿ ನರಮಾಂಸ ತಿನ್ನುವ ಹಿಡಿಂಬ. ಎಲ್ಲರೂ ಮಲಗಿದ್ದಾಗ ಭೀಮನೊಬ್ಬ ಎಚ್ಚರವಿದ್ದು ಅವನೊಂದಿಗೆ ಕಾದಾಡಿ ಕೊಲ್ಲುತ್ತಾನೆ, ಅವನ ತಂಗಿ ಹಿಡಿಂಬೆಯನ್ನು ಮದುವೆಯಾಗುತ್ತಾನೆ, ಘಟೋತ್ಕಚ ಹುಟ್ಟುತ್ತಾನೆ. ಮಹಾಭಾರತದ ಆದಿಪರ್ವದಲ್ಲಿ ಇಷ್ಟಿದೆ. ದುರ್ಗದವರು ಇದಕ್ಕೆ ತಮ್ಮದೊಂದು ಮಾತು ಸೇರಿಸಿದರು. ಬೆಟ್ಟದ ತುಂಬ ಒಂದರ ಮೇಲೊಂದು ಕೂತಿರುವ ಈ ಗುಂಡುಗಳೆಲ್ಲ ಭೀಮ, ಹಿಡಿಂಬ ಒಬ್ಬರ ಮೇಲೊಬ್ಬರು ಎಸೆದಾಡಿದವು ಎಂದರು. ಏಳು ಸುತ್ತಿನ ಕೋಟೆಯೊಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಈ ಮಾತಿನ ಬಲ ಗೊತ್ತಾಗುತ್ತದೆ. ಮನೆಯಷ್ಟು ದೊಡ್ಡ ಗುಂಡು ಅಂಗೈಯಗಲದ ಜಾಗದ ಮೇಲೆ ಕೂತಿದೆ. ಯಾರೋ ಎಸೆದದ್ದು ಎನ್ನದೆ ಅದಕ್ಕೆ ಬೇರೆ ಕಾರಣ ಹೇಳಲು ನೂರಾರು ವರ್ಷಗಳ ಹಿಂದಿನ ಯಾರಿಗೆ ತಾನೇ ಸಾಧ್ಯವಿತ್ತು?

ಇಂದು ಭೂವಿಜ್ಞಾನ ಬೇರೆ ಕಾರಣ ಹೇಳುತ್ತದೆ. ದುರ್ಗದ ಗ್ರಾನೈಟು 250 ಕೋಟಿ ವರ್ಷಗಳಿಗೂ ಹಿಂದಿನದು. ನೆಲದಾಳದಲ್ಲಿ ಗಟ್ಟಿಯಾದ ಬಂಡೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಬಿರುಕುಗಳು ಬಿಡುತ್ತವೆ. ಆ ಬಿರುಕುಗಳಲ್ಲಿ ನೀರಿಳಿದು ಮೂಲೆಗಳನ್ನು ಮೊದಲು ಕೊಳೆಸುತ್ತದೆ. ಚೌಕವಾಗಿದ್ದದ್ದು ಮಣ್ಣಿನೊಳಗೇ ದುಂಡಗಾಗುತ್ತದೆ, ಮೇಲಿನ ಮಣ್ಣು ಕೊಚ್ಚಿ ಹೋದಾಗ ಗುಂಡುಗಳು ಕೂತ ಜಾಗದಲ್ಲೇ ಬಯಲಿಗೆ ಬರುತ್ತವೆ. ಯಾರೂ ಎಸೆದದ್ದಲ್ಲ, ಉರುಳಿ ಬಂದದ್ದೂ ಅಲ್ಲ. ದುರ್ಗದಿಂದ ಸ್ವಲ್ಪ ದೂರದ ಮರಡಿಹಳ್ಳಿಯಲ್ಲಿ ಸಮುದ್ರದ ನೀರಿನಡಿ ಉಕ್ಕಿ ತಣಿದ ಲಾವಾ ದಿಂಬಿನ ರಾಶಿಯಂತೆ ಬಿದ್ದಿದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಒಣಸೀಮೆ ಒಂದು ಕಾಲಕ್ಕೆ ಕಡಲತಳವಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ರಾಕ್ಷಸನ ಕಥೆ ಕೇಳಿ ಬೆಳೆದವನಿಗೂ ಇದು ಸಣ್ಣ ಬೆರಗಲ್ಲ.

ಈ ಲೆಕ್ಕದಿಂದಲೇ ಹಲ್ಲಿನ ಬಗ್ಗೆಯೂ ಒಂದು ಮಾತು ಖಚಿತವಾಗಿ ಹೇಳಬಹುದು. ಎಲುಬಿರುವ ಪ್ರಾಣಿಗಳು ಭೂಮಿಗೆ ಬಂದು ಹೆಚ್ಚೆಂದರೆ 50 ಕೋಟಿ ವರ್ಷವಾಯಿತು. ಅದಕ್ಕೂ 200 ಕೋಟಿ ವರ್ಷ ಮೊದಲೇ ಗಟ್ಟಿಯಾದ ಬಂಡೆಯೊಳಗೆ ಯಾವ ಪ್ರಾಣಿಯ ಎಲುಬೂ ಸಿಕ್ಕುವುದಿಲ್ಲ. ಹಾಗಾದರೆ ಈ ಹಲ್ಲು ಬೆಟ್ಟದ ಮೇಲಿನ ಮಣ್ಣಿನಲ್ಲಿ ಸಿಕ್ಕಿರಬೇಕು, ಇಲ್ಲವೇ ಯಾರೋ ಹೊತ್ತು ತಂದಿರಬೇಕು. ನನಗೆ ಮೊದಲು ಅನುಮಾನ ಬರುವುದು ಆನೆಯ ಮೇಲೆ. ಪಾಳೆಯಗಾರರ ಕೋಟೆ ಎಂದರೆ ಆನೆ ಇದ್ದೇ ಇರುತ್ತಿತ್ತು. ಆನೆಯ ದಂತ ನಾವೆಲ್ಲ ಕಂಡಿದ್ದೇವೆ, ಅದರ ದವಡೆ ಹಲ್ಲು ಕಂಡವರು ಕಡಿಮೆ. ಅದು ಇಟ್ಟಿಗೆಗಿಂತ ದೊಡ್ಡದು, ಕೆಲವು ಕಿಲೋ ತೂಗುತ್ತದೆ, ಮೇಲೆ ಸಾಲುಸಾಲು ಏಣು. ಜೀವಮಾನದಲ್ಲಿ ಆರು ಸರದಿಯ ಹಲ್ಲುಗಳು ಒಂದಾದ ಮೇಲೊಂದು ಹಿಂದಿನಿಂದ ಮುಂದಕ್ಕೆ ಸರಿದು ಸವೆದು ಉದುರುತ್ತವೆ. ಅಂಥದೊಂದು ಮಣ್ಣಲ್ಲಿ ಸಿಕ್ಕಿದರೆ ಆನೆ ಸಾಕಿದವನು ಗುರುತು ಹಿಡಿದಾನು, ಮಿಕ್ಕವರು ಹಿಡಿಯಲಾರರು.

ಹೀಗಾದದ್ದು ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರಿಯಾದ ಕ್ಲಾಗನ್‌ಫುರ್ಟ್ ಪಟ್ಟಣದ ನಡುವೆ ರೆಕ್ಕೆಯ ಸರ್ಪದ ದೊಡ್ಡ ವಿಗ್ರಹವಿದೆ. ಊರಿನ ಹತ್ತಿರ ಸಿಕ್ಕ ತಲೆಬುರುಡೆಯೊಂದನ್ನು ಸರ್ಪದ್ದೆಂದು ಇಟ್ಟುಕೊಂಡಿದ್ದರು, ವಿಗ್ರಹದ ತಲೆಯನ್ನು ಅದನ್ನೇ ನೋಡಿ ಕಡೆದರು. ಆ ಬುರುಡೆ ಹಿಮಯುಗದ ತುಪ್ಪಳದ ಘೇಂಡಾಮೃಗದ್ದು ಎಂದು ಗೊತ್ತಾದದ್ದು ಆಮೇಲೆ. ಆ ಊರಿನವರು ವಿಗ್ರಹವನ್ನು ಕೆಡವಲಿಲ್ಲ, ಬುರುಡೆಯನ್ನು ಎಸೆಯಲಿಲ್ಲ. ಎರಡನ್ನೂ ಉಳಿಸಿಕೊಂಡು, ಎರಡರ ಕಥೆಯನ್ನೂ ಬಂದವರಿಗೆ ಹೇಳುತ್ತಾರೆ.

ಕರ್ನಾಟಕದ ನಕಾಶೆ ಹರವಿಕೊಂಡು ಕೂತರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಂದು ಬಂಡೆ ಹತ್ತುವ ಸಾಹಸಿಗರು ನೆರೆಯುವ ಹಲವು ಕಡೆ ಮೊದಲೇ ಒಬ್ಬ ರಾಕ್ಷಸನೋ ದೈತ್ಯನೋ ಕೂತಿದ್ದಾನೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿಗೆ ದೇಶವಿದೇಶದ ಏರುಗರು ಬರುತ್ತಾರೆ. ಅಗಸ್ತ್ಯರು ತಿಂದು ಅರಗಿಸಿಕೊಂಡ ವಾತಾಪಿಯ ಊರು ಅದು. ಹಂಪಿಯ ಗುಂಡುಗಳನ್ನು ಹಗ್ಗವಿಲ್ಲದೆ ಏರುವವರು ಹೊಳೆಯಾಚೆಯ ವಿರೂಪಾಪುರ ಗಡ್ಡಿಯಲ್ಲಿ ವರ್ಷಗಟ್ಟಲೆ ಬೀಡು ಬಿಟ್ಟಿದ್ದರು. ಬೆನ್ನಿಗೆ ಚಾಪೆಯಂಥ ಮೆತ್ತೆ, ಸೊಂಟಕ್ಕೆ ಚಾಕ್ ಪುಡಿಯ ಚೀಲ ಕಟ್ಟಿಕೊಂಡ ಹುಡುಗ ಹುಡುಗಿಯರದೇ ಒಂದು ಊರಾಗಿತ್ತು ಅದು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ಅನಧಿಕೃತ ವಸತಿಗಳನ್ನು ತೆರವುಗೊಳಿಸಿದರು. ಅದೇ ಸೀಮೆಯಲ್ಲಿ ರಾಮಾಯಣದ ವಾಲಿ ದುಂದುಭಿ ಎಂಬ ಕೋಣರೂಪದ ರಾಕ್ಷಸನನ್ನು ಕೊಂದು ಎಸೆದ ಕಥೆಯಿದೆ. ನಿಂಬಾಪುರದ ಬೂದಿಯ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಇವತ್ತಿಗೂ ತೋರಿಸುತ್ತಾರೆ. ಕೈವಾರದ ಬೆಟ್ಟದಡಿಯಲ್ಲಿ ಬಕಾಸುರ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನ್ನಿಂದಾಗದು. ಕಾಲು ಜಾರಿದರೆ ಜೀವ ಹೋಗುವ ಜಾಗದಲ್ಲಿ ಬದುಕಿದ ಜನ ಆ ಭಯಕ್ಕೊಂದು ಮುಖ ಕೊಟ್ಟರು, ಹೆಸರಿಟ್ಟರು. ಆಮೇಲೆ ಅದರ ಜೊತೆ ಬಾಳುವುದನ್ನು ಕಲಿತರು.

ಭಯಕ್ಕೆ ದಿಟವಾದ ಕಾರಣವೂ ಇತ್ತು. ದುರ್ಗದ ಬೆನ್ನಿಗಿರುವ ಜೋಗಿಮಟ್ಟಿ ಕಾಡಿನಲ್ಲಿ, ನಮ್ಮ ಜಗಳೂರಿನ ರಂಗಯ್ಯನದುರ್ಗದ ಗುಡ್ಡಗಳಲ್ಲಿ ಕರಡಿಗಳಿವೆ. ರಂಗಯ್ಯನದುರ್ಗ ಈಗ ಕೊಂಡುಕುರಿಗಾಗಿ ಮೀಸಲಾದ ಅಭಯಾರಣ್ಯ. ಕರಡಿ ಹಗಲು ಬಂಡೆಯ ಸಂದಿನಲ್ಲಿ ಮಲಗಿದ್ದು ಸಂಜೆಗೆ ಹೊರಡುತ್ತದೆ. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿನಿಂದಲೇ ಹುತ್ತದ ಗೆದ್ದಲನ್ನು ಉಸಿರೆಳೆದು ಹೀರುತ್ತದೆ. ಕತ್ತಲಲ್ಲಿ ಬಂಡೆಗಳ ನಡುವೆ ಆ ಊದುವ, ಹೀರುವ ಸದ್ದು ಬಹು ದೂರ ಕೇಳಿಸುತ್ತದೆ. ಎದುರಾದರೆ ಎರಡು ಕಾಲಿನ ಮೇಲೆ ಎದ್ದು ನಿಲ್ಲುತ್ತದೆ, ಮುಖಕ್ಕೇ ಕೈ ಹಾಕುತ್ತದೆ. ಕರಡಿ ಹಿಡಿದು ಮುಖ ಕಳೆದುಕೊಂಡವರನ್ನು ಕಂಡ ಹಳ್ಳಿಗೆ ಹಿಡಿಂಬನನ್ನು ನಂಬುವುದು ಕಷ್ಟವೇ ಆಗಿರಲಿಕ್ಕಿಲ್ಲ.

ಕಥೆ ಗುಡಿಯಾಗಿ ನಿಂತದ್ದು ಯಾವಾಗ ಎಂಬುದಕ್ಕೆ ಇಸವಿ ಹುಡುಕುತ್ತ ಹೋದರೆ ದಾರಿ ಬೇಗ ಸವೆದುಹೋಗುತ್ತದೆ. ಅದಕ್ಕೊಂದು ನೋವಿನ ಕಾರಣವಿದೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಕೊನೆಯ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅವನೊಬ್ಬನೇ ಅಲ್ಲ, ದುರ್ಗದ ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಿದರು ಎಂದು ಗೆಜೆಟಿಯರ್ ಹೇಳುತ್ತದೆ. ಆ ಸಂಖ್ಯೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಬೆಟ್ಟದ ಪ್ರತಿ ಗುಂಡಿಗೂ ಹೆಸರಿಟ್ಟವರು ಅವರು, ಯಾವ ಸಂದಿನಲ್ಲಿ ನುಸುಳಿದರೆ ಎಲ್ಲಿಗೆ ಹೋಗಬಹುದೆಂದು ಬಲ್ಲವರು ಅವರು. ರಾಜ್ಯ ಹೋದದ್ದನ್ನು ತ.ರಾ.ಸು. ದುರ್ಗಾಸ್ತಮಾನ ಕಾದಂಬರಿಯಲ್ಲಿ ಬರೆದರು. ಅಂದು ಬೆಟ್ಟದಿಂದ ಇಳಿದುಹೋದ ಕಥೆಗಳನ್ನು ಬರೆದಿಡುವವರು ಯಾರೂ ಇರಲಿಲ್ಲ.

ಬಂಡೆ ಹತ್ತುವ ವಿದ್ಯೆ ಮಾತ್ರ ಪೂರ್ತಿ ಸಾಯಲಿಲ್ಲ. ತುಪ್ಪದಕೊಳದ ಬತೇರಿಗೆ ಹೋಗುವ ಬಂಡೆಯನ್ನು ನೋಡಿ. ನುಣುಪಾದ ಕಡಿದಾದ ಇಳಿಜಾರಿನಲ್ಲಿ ಹೆಬ್ಬೆರಳು ಊರುವಷ್ಟು ಮಾತ್ರ ಕೊರೆದ ಗುಳಿಗಳಿವೆ. ಹಿಡಿಕೆಯಿಲ್ಲ, ಸರಪಳಿಯಿಲ್ಲ. ಕಾವಲಿನ ಬೇಡ ಮಳೆಗಾಲದಲ್ಲೂ ಇದೇ ಗುಳಿಗಳಲ್ಲಿ ಕಾಲಿಟ್ಟು ಮೇಲೇರಬೇಕಿತ್ತು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತುತ್ತಿದ್ದರೆಂದು ಗೈಡುಗಳು ಹೇಳುತ್ತಾರೆ. ಇಂದು ಅದೇ ಗೋಡೆಗಳನ್ನು ಹಗ್ಗವೂ ಇಲ್ಲದೆ ಹತ್ತಿ ಇಳಿಯುವವರು ಕೋತಿರಾಜ ಎಂದೇ ಹೆಸರಾದ ಜ್ಯೋತಿರಾಜ್. ತಮಿಳುನಾಡಿನಿಂದ ಬಂದು ಗಾರೆ ಕೆಲಸ ಮಾಡಿಕೊಂಡಿದ್ದ ಈ ಯುವಕನಿಗೆ ಗುರುವಾದದ್ದು ಕೋಟೆಯ ಮಂಗಗಳು. ಕಲ್ಲುಕಲ್ಲಿನ ನಡುವಿನ ಕೂದಲೆಳೆಯ ಸಂದಿಗೆ ಬೆರಳ ತುದಿ ಸಿಕ್ಕಿಸಿ, ಅರ್ಧ ಗೋಡೆಯಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಕೆಳಗೆ ನಿಂತ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. 2018ರಲ್ಲಿ ಜೋಗದ ಕಣಿವೆಯಲ್ಲಿ ಸಿಲುಕಿ, ಹುಡುಕಾಟದ ನಂತರ ಜೀವಂತವಾಗಿ ಸಿಕ್ಕರು. ಊರಿನ ಮಕ್ಕಳಿಗೆ ಹತ್ತುವುದನ್ನು ಕಲಿಸಬೇಕೆಂಬುದು ಅವರ ಬಹುಕಾಲದ ಹಂಬಲ. ದುರ್ಗದಂಥ ಊರಿನಲ್ಲಿ ಆ ಹಂಬಲಕ್ಕೆ ಸರ್ಕಾರದ ಬೆಂಬಲ ಧಾರಾಳವಾಗಿ ಸಿಗಬೇಕು.

ಸಾಹಸಿಗರೂ ರಾಕ್ಷಸರೂ ಒಂದೇ ಕಡೆ ಸೇರಿದಾಗ ಏನಾಗಬಹುದು ಎಂಬುದಕ್ಕೆ ಹಿಮಾಲಯದ ಖುಮ್‌ಜುಂಗ್ ಗ್ರಾಮ ಒಳ್ಳೆಯ ನಿದರ್ಶನ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮದ ಮೇಲಿನ ದೊಡ್ಡ ಹೆಜ್ಜೆಯ ಪಕ್ಕ ಹಿಮಗೊಡಲಿ ಇಟ್ಟು ತೆಗೆದ ಚಿತ್ರ ಜಗತ್ತಿಗೆಲ್ಲ ಹಿಮಮಾನವ ಯೇತಿಯ ಹುಚ್ಚು ಹಿಡಿಸಿತು. ಖುಮ್‌ಜುಂಗ್‌ನ ಬೌದ್ಧ ಗೊಂಪಾದಲ್ಲಿ ಯೇತಿಯದೆನ್ನುವ ನೆತ್ತಿಯ ಚರ್ಮ ಕಾಪಿಟ್ಟಿದ್ದರು. 1960ರಲ್ಲಿ, ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಅದನ್ನು ಪರೀಕ್ಷೆಗೆ ಕೇಳಿದರು. ಊರವರು ಕೊಟ್ಟರು, ಆದರೆ ವಾಯಿದೆ ಹಾಕಿದರು, ಹಿರಿಯನೊಬ್ಬನನ್ನು ಜೊತೆಗೆ ಕಳಿಸಿದರು. ಷಿಕಾಗೊ, ಪ್ಯಾರಿಸ್, ಲಂಡನ್ ಸುತ್ತಿ ಅದು ಮರಳಿತು. ಸೆರೋ ಎಂಬ ಕಾಡುಮೇಕೆಯ ಚರ್ಮದಿಂದ ಮಾಡಿದ್ದು ಎಂದು ತೀರ್ಮಾನವಾಯಿತು. ಅದು ಇನ್ನೂ ಅಲ್ಲೇ ಇದೆ, ಜನ ಹೋಗಿ ನೋಡುತ್ತಾರೆ. 1961ರಲ್ಲಿ ಹಿಲರಿ ಆ ಊರಿಗೊಂದು ಶಾಲೆ ಕಟ್ಟಿಸಿಕೊಟ್ಟರು. ಪಕ್ಕದ ಪಾಂಗ್‌ಬೋಚೆಯ ಗೊಂಪಾದಲ್ಲಿದ್ದ ಯೇತಿಯ ಕೈಗೆ ಆ ಭಾಗ್ಯವಿರಲಿಲ್ಲ. ಅದರ ಬೆರಳೊಂದನ್ನು ಹೊರಗಿನವರು ಗುಟ್ಟಾಗಿ ಒಯ್ದರು, ಉಳಿದದ್ದು 1990ರ ದಶಕದಲ್ಲಿ ಕಳವಾಯಿತು. ಒಯ್ದ ಬೆರಳು ಮನುಷ್ಯನದೆಂದು 2011ರಲ್ಲಿ ಡಿಎನ್ಎ ಪರೀಕ್ಷೆ ಹೇಳಿತು. ಗೊಂಪಾದಲ್ಲಿ ಈಗಿರುವುದು ಬರೀ ನಕಲು.

ಉಳಿದು ಬಾಳುವ ಯೋಗ ಭಯದ ಕಥೆಗಳಿಗೆಲ್ಲ ಇರುವುದಿಲ್ಲ. 1990ರ ದಶಕದಲ್ಲಿ ನಮ್ಮ ಹಳ್ಳಿಗಳ ಬಾಗಿಲ ಮೇಲೆಲ್ಲ 'ನಾಳೆ ಬಾ' ಎಂದು ಬರೆಸಿದ ದೆವ್ವದ ವದಂತಿ ಬಂದಷ್ಟೇ ಬೇಗ ಹೋಯಿತು. ಕೈಯಿಂದ ಮುಟ್ಟಲು ಅದಕ್ಕೊಂದು ಹಲ್ಲಿರಲಿಲ್ಲ, ಕಣ್ಣಿಂದ ನೋಡಲು ಒಂದು ಬೆಟ್ಟವಿರಲಿಲ್ಲ. ಹಿಡಿಂಬನಿಗೆ ಎರಡೂ ಇವೆ, ಒಂದು ಕಾದಂಬರಿಗೆ ಅಷ್ಟು ಸಾಕು. 1980ರಲ್ಲಿ ಬಂದ ಕರ್ವಾಲೊ ಕಾದಂಬರಿಯಲ್ಲಿ ಪೂರ್ಣಚಂದ್ರ ತೇಜಸ್ವಿ ವಿಜ್ಞಾನಿಯನ್ನೂ ಹಳ್ಳಿಯ ಮಂದಣ್ಣನನ್ನೂ ಜೊತೆ ಮಾಡಿ ಹಾರುವ ಓತಿಯ ಬೆನ್ನು ಹತ್ತಿಸಿದರು. ಬಂಡೆ ಹತ್ತುವ ಹುಡುಗ, ಭೂವಿಜ್ಞಾನಿ, ಗುಡಿಯ ಪೂಜಾರಿ, ಒಂದು ಹಲ್ಲು ಸೇರಿದರೆ ಅಂಥದೇ ಸಾಹಸದ ಕಥೆ ದುರ್ಗದಿಂದಲೂ ಹೊರಡಬಲ್ಲದು. ನಮ್ಮ ಲೇಖಕರು ಇನ್ನೂ ಆ ಕಡೆ ಕಣ್ಣು ಹಾಯಿಸಬೇಕಾಗಿದೆ.

ಪುರಾತತ್ವ ಇಲಾಖೆಯವರಲ್ಲಿ ನನ್ನದೊಂದು ಬೇಡಿಕೆ. ಆ ಹಲ್ಲನ್ನು ಗುಡಿಯಿಂದ ಕದಲಿಸದೆ, ಪೂಜಾರಿಗಳ ಒಪ್ಪಿಗೆ ಪಡೆದು, ಪ್ರಾಣಿಶಾಸ್ತ್ರ ಬಲ್ಲವರನ್ನು ಕರೆಸಿ ಅಳತೆ ಮಾಡಿಸಿ, ಎಲ್ಲ ಕಡೆಯಿಂದ ಫೋಟೊ ತೆಗೆಸಿ ದಾಖಲಿಸಿ. ಆಮೇಲೆ ಒಂದು ಫಲಕ ಹಾಕಿಸಿ, ಅದರಲ್ಲಿ ವಿಜ್ಞಾನದ ಮಾತೂ ಇರಲಿ, ಹಿಡಿಂಬನ ಕಥೆಯೂ ಇರಲಿ. ಸೊಕ್ಕೆ, ಜಗಳೂರು, ದುರ್ಗದ ಓದುಗರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಹಿಡಿಂಬನ ಕಥೆಯನ್ನು ಹೇಗೆ ಹೇಳುತ್ತಾರೋ ಹಾಗೆಯೇ, ಒಂದು ಪದವನ್ನೂ ತಿದ್ದದೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೋಟೆ ನೋಡಲು ಹೋದಾಗ ಓಬವ್ವನ ಕಿಂಡಿಯಿಂದಲೇ ಹಿಂತಿರುಗದೆ, ದಯವಿಟ್ಟು ಹಿಡಿಂಬೇಶ್ವರನವರೆಗೂ ಹತ್ತಿ ಬನ್ನಿ.