ಮೀನು ಕಾಣದ ಕರಿಯಲ್ಲಿ ಮೀನು!

ಪ್ರಶ್ನೆ: ವಿದೇಶದಲ್ಲಿರುವ ಮಗ ಗೆಳೆಯರ ಜೊತೆ ಥಾಯ್ ಹೋಟೆಲಿಗೆ ಹೋಗಿದ್ದ. ತರಿಸಿದ್ದು ತೆಂಗಿನಹಾಲಿನ ತರಕಾರಿ ಕರಿ. ‘ಇದರಲ್ಲಿ ಮೀನಿದೆ, ತಿನ್ನಬೇಡ’ ಎಂದು ಗೆಳೆಯರು ತಡೆದರಂತೆ. ಒಂದು ತುಣುಕೂ ಇಲ್ಲದ ಮೇಲೆ ಮೀನು ಎಲ್ಲಿಂದ ಬಂತು?
— ಓದುಗರೊಬ್ಬರು, ಶೇಡಬಾಳ

ತಡೆದದ್ದು ಒಳ್ಳೆಯದೇ ಆಯಿತು. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಮಾಡುವುದು ‘ನಾಮ್ ಪ್ಲಾ’ ಎಂಬ ಕಂದು ಬಣ್ಣದ ಮೀನಿನ ರಸ.

ಆಂಚೋವಿಯಂಥ ಸಣ್ಣ ಮೀನುಗಳಿಗೆ ಹೇರಳ ಉಪ್ಪು ಬೆರೆಸಿ ತೊಟ್ಟಿಗಳಲ್ಲಿ ವರ್ಷದಷ್ಟು ಕಾಲ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಇಡುತ್ತಾರೆ. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ಲ, ಮೊದಲು ಆಗುವುದು ಅದೇ. ಆಮೇಲೆ ಮಜಾ ಶುರು. ಮೀನಿನ ಹೊಟ್ಟೆಯೊಳಗಿದ್ದ ಜೀರ್ಣಕಿಣ್ವಗಳು ಮೀನನ್ನೇ ಅರಗಿಸತೊಡಗುತ್ತವೆ! ಪ್ರೋಟೀನು ಮುರಿದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲೊಂದಾದ ಗ್ಲುಟಾಮಿಕ್ ಆಮ್ಲದಿಂದ ನಾಲಿಗೆಗೆ ಹತ್ತುವ ಗಾಢ ರುಚಿ ಬರುತ್ತದೆ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಕೊನೆಗೆ ಉಳಿದ ದ್ರವವನ್ನು ಸೋಸಿ ಬಾಟಲಿಗೆ ತುಂಬುತ್ತಾರೆ. ಕಣ್ಣಿಗೆ ಮೀನು ಕಾಣದಿರುವುದು ಇದಕ್ಕೇ. ಸಾಲದ್ದಕ್ಕೆ, ಕರಿಯ ಮಸಾಲೆಯಲ್ಲೂ ಸಾಮಾನ್ಯವಾಗಿ ಹುದುಗಿಸಿದ ಸೀಗಡಿ ಅರೆದಿರುತ್ತಾರೆ.

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಕೆಲವು ಅಡುಗೆಯವರು ಮಾಂಸದ ತುಂಡು ಬಿಟ್ಟು ಬಡಿಸಿಬಿಡುತ್ತಾರೆ. ನಿಮ್ಮ ಮಗ ‘ಜೇ’ ಊಟ ಬೇಕೆಂದು ಕೇಳಲಿ. ಥಾಯ್ಲೆಂಡಿನಲ್ಲಿ ಚೀನೀ ಮೂಲದವರ ಮೂಲಕ ಬಳಕೆಗೆ ಬಂದ ವ್ರತದ ಊಟವಿದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಶೇಡಬಾಳದ ಜೈನ ಮನೆಗಳಿಗೆ ಹಿಡಿಸುವ ಸಂಗತಿಯೆಂದರೆ, ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ವರ್ಜ್ಯ. ಆಲೂಗಡ್ಡೆಗೆ ಮಾತ್ರ ಅಲ್ಲಿ ನಿಷೇಧವಿಲ್ಲ. ಅದು ಬೇಡವಾದರೆ ಬೇರೆಯಾಗಿ ಹೇಳಬೇಕು.