ಏರುದಾರಿಯಲ್ಲಿ ಎಂಜಿನ್ ಏಕೆ ಕುಟ್ಟುತ್ತದೆ?

ಯಂತ್ರವೂ ತನ್ನ ಬೇನೆಯನ್ನು ನುಡಿಯುತ್ತದೆ. ಅದನ್ನು ಆಲಿಸುವ ಕಿವಿ ನಮಗಿರಬೇಕು. ಸುಳ್ಯ ತಾಲ್ಲೂಕಿನ ಐವರ್ನಾಡಿನಂತಹ ಊರುಗಳಲ್ಲಿ ತೋಟದ ದಾರಿಯಿಂದ ಸಂಪಾಜೆ ಘಾಟಿಯವರೆಗೆ ಎಲ್ಲವೂ ಏರಿಳಿತವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ, ಯೆಜ್ದಿ ಮೋಟಾರು ಸೈಕಲುಗಳನ್ನು ಜತನದಿಂದ ಓಡಿಸುವವರು ಇಂದಿಗೂ ಇದ್ದಾರೆ. ಈ ಟೂ ಸ್ಟ್ರೋಕ್ ವಾಹನಗಳು ಏರಿನಲ್ಲಿ ಹೊರಡಿಸುವ ‘ಕಣಕಣ’ ಸದ್ದಿನ ಮರ್ಮವನ್ನು ಅರಿಯುವುದು ಸವಾರನ ಕ್ಷೇಮಕ್ಕೆ ಅವಶ್ಯಕ.

ಪಿಸ್ಟನ್ ಮೇಲ್ತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲು ಪ್ಲಗ್ ಕಿಡಿ ಹಾರಿಸುತ್ತದೆ. ಜ್ವಾಲೆಯು ಕ್ರಮವಾಗಿ ಹರಡಿ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಉಷ್ಣ ಮತ್ತು ಒತ್ತಡಗಳು ಮಿತಿಮೀರಿದರೆ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣವು ಒಮ್ಮೆಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆಗಳು ಲೋಹಕ್ಕೆ ಬಡಿಯುವ ಸದ್ದೇ ನಾಕಿಂಗ್.

ಆದರೆ ಎಲ್ಲ ಸದ್ದೂ ನಾಕಿಂಗ್ ಅಲ್ಲ. ಎಂಜಿನ್ ತಣ್ಣಗಿರುವಾಗ ಕೇಳಿಸಿ, ಬಿಸಿಯಾದಂತೆ ಕುಗ್ಗುವ ಸದ್ದು ಸವೆದ ಪಿಸ್ಟನ್ನಿನದು. ಹೊರೆಯಿಲ್ಲದಿದ್ದರೂ ವೇಗಕ್ಕೆ ತಕ್ಕಂತೆ ಹೆಚ್ಚುವ ಸದ್ದು ಬಹುಮಟ್ಟಿಗೆ ಬೇರಿಂಗಿನದು. ಏರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ ಹುಟ್ಟಿ, ಅದನ್ನು ಇಳಿಸಿದೊಡನೆ ಇಲ್ಲವೇ ಕೆಳಗಿನ ಗೇರಿಗೆ ಬಂದೊಡನೆ ಅಡಗುವುದೇ ನಾಕಿಂಗ್.

ಪರೀಕ್ಷೆಯು ಸುಲಭವಾದುದರಿಂದ ಆರಂಭವಾಗಲಿ. ಮೊದಲನೆಯದು ಇಂಧನ: ಸೀಮೆಎಣ್ಣೆ ಬೆರೆತ ಪೆಟ್ರೋಲಿಗೆ ನಾಕಿಂಗ್ ತಡೆಯುವ ಶಕ್ತಿ ಕಡಿಮೆ. ಎರಡನೆಯದು ಪ್ಲಗ್: ಅದರ ಮೂತಿ ಕಂದುಬಣ್ಣವಿದ್ದರೆ ಕ್ಷೇಮ, ಬೆಳ್ಳಗೆ ಸುಟ್ಟಂತಿದ್ದರೆ ಅತಿ ಉಷ್ಣದ ಸೂಚನೆ. ಮೂರನೆಯದು ಕಿಡಿಯ ಕಾಲ: ಕಾಂಟ್ಯಾಕ್ಟ್ ಪಾಯಿಂಟಿನ ಅಂತರ ಹೆಚ್ಚಾದರೆ ಕಿಡಿ ಬೇಗ ಹಾರುತ್ತದೆ; ಆದ್ದರಿಂದ ಮೊದಲು ಅಂತರವನ್ನು, ಬಳಿಕ ಕಾಲವನ್ನು ಸರಿಪಡಿಸಬೇಕು.

ನಾಲ್ಕನೆಯದು ಮಿಶ್ರಣ. ಜೆಟ್‌ನಲ್ಲಿ ಕಸ ಕಟ್ಟಿದರೆ, ಕಾರ್ಬ್ಯುರೇಟರಿನ ಜೋಡಣೆಯಲ್ಲಾಗಲಿ ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಾಗಲಿ ಗಾಳಿ ಸೋರಿದರೆ, ಪೆಟ್ರೋಲಿನ ಪಾಲು ಕುಗ್ಗಿ ಉಷ್ಣವೇರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿರುವುದು ಇಂತಹ ಸೋರಿಕೆಯ ಒಂದು ಲಕ್ಷಣ. ಹೆಚ್ಚು ಎಣ್ಣೆ ಬೆರೆಸಿದರೆ ಎಂಜಿನ್ ತಂಪಾಗುವುದೆಂಬ ನಂಬಿಕೆಯೂ ಉಂಟು. ಎಣ್ಣೆ ಹೆಚ್ಚಿದಷ್ಟೂ ಅದೇ ಜೆಟ್‌ನಿಂದ ಬರುವ ಪೆಟ್ರೋಲು ಕಡಿಮೆಯಾಗುತ್ತದೆಂಬುದನ್ನು ಅದು ಮರೆಯುತ್ತದೆ. 25ಕ್ಕೆ 1 ಎಂಬ ಪ್ರಮಾಣವೆಂದರೆ ಲೀಟರಿಗೆ 40 ಮಿಲಿಲೀಟರ್. ತಯಾರಕರು ವಿಧಿಸಿದ ಪ್ರಮಾಣವನ್ನು ಮೀರಬಾರದು. ಇಂದಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನಾಕಿಂಗನ್ನು ತಡೆಯುವಂಥದೇ ಆದರೂ, ತನ್ನೊಳಗೆ ಆಮ್ಲಜನಕವನ್ನು ಹೊಂದಿರುವುದರಿಂದ ಹಳೆಯ ಕಾರ್ಬ್ಯುರೇಟರುಗಳಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತದೆಂಬುದೂ ಗಮನಾರ್ಹ.

ಐದನೆಯದು ಮಸಿ. ಎಣ್ಣೆ ಉರಿದು ಪಿಸ್ಟನ್ನಿನ ನೆತ್ತಿಯಲ್ಲಿ ಕಟ್ಟಿದ ಮಸಿಯು ಒತ್ತಡವನ್ನು ಹೆಚ್ಚಿಸುತ್ತದೆ. ಕೆಂಡವಾಗಿ ಕಿಡಿಗೆ ಮೊದಲೇ ಬೆಂಕಿ ಹಚ್ಚುವುದೂ ಉಂಟು. ಹೆಡ್ ಬಿಚ್ಚಿ, ಅಲ್ಯೂಮಿನಿಯಮ್ಮಿಗೆ ಗೀರು ಬೀಳದಂತೆ ಮರದ ಚಕ್ಕೆಯಿಂದ ಅದನ್ನು ಕೆರೆಯಬೇಕು. ಒಮ್ಮೆಗೆ ಒಂದನ್ನೇ ಸರಿಪಡಿಸಿ, ಅದೇ ಏರಿನಲ್ಲಿ ಓಡಿಸಿ ನೋಡಿದರೆ ಮಾತ್ರ ನಿಜವಾದ ಕಾರಣ ತಿಳಿದೀತು.

ಸದ್ದನ್ನು ಕಡೆಗಣಿಸಿದರೆ ಪಿಸ್ಟನ್ ತೂತಾಗಬಹುದು, ಇಲ್ಲವೇ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಹಾಗಾದಾಗ ಹಿಂದಿನ ಚಕ್ರ ತಟ್ಟನೆ ಬಿಗಿದು ಸವಾರನು ಉರುಳುವನು. ಘಾಟಿಯ ತಿರುವಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ವೇಗ ದಿಢೀರನೆ ಕುಂದುತ್ತಿರುವಂತೆ ತೋರಿದೊಡನೆ ಕ್ಲಚ್ ಹಿಡಿಯಬೇಕು. ಬದಿಗೆ ನಿಂತು ಎಂಜಿನ್ ಪೂರ್ತಿ ತಣಿಯಲು ಬಿಡಬೇಕು.

ಅಂಬಿಗ, ಮಾದಾರ, ಹಡಪದ ಎಂಬ ಕಾಯಕದ ಹೆಸರುಗಳನ್ನೇ ಗೌರವದ ಹೆಸರಾಗಿಸಿದ ಶರಣರ ಪರಂಪರೆ ನಮ್ಮದು. ಕೈಗೆ ಮಸಿ ಮೆತ್ತಿಕೊಂಡು ಪ್ಲಗ್ಗಿನ ಬಣ್ಣವನ್ನು ಓದುವ ಮೆಕ್ಯಾನಿಕನ ವಿದ್ಯೆಯೂ ವಿದ್ಯೆಯೇ. ನಮ್ಮ ಶಾಲೆಯ ಮಕ್ಕಳು ಪುಸ್ತಕದ ಉಷ್ಣವಿಜ್ಞಾನವನ್ನು ಇಂತಹ ಕೆಲಸದಲ್ಲಿ ಕಂಡುಕೊಂಡರೆ ಓದು ಸಾರ್ಥಕವಾದೀತು.