ಮುಟ್ಟಿನ ಮುಂಚಿನ ಸಂಕಟ: ರೋಗವೋ, ಹಣೆಪಟ್ಟಿಯೋ?

ಹೆಣ್ಣೊಬ್ಬಳು ಸಿಟ್ಟಾದರೆ "ಆ ದಿನ ಹತ್ತಿರ ಬಂದಿರಬೇಕು ಬಿಡು" ಅನ್ನೋರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಿಟ್ಟಿಗೆ ಕಾರಣ ಏನು ಅಂತ ಕೇಳುವ ತೊಂದರೆ ತಪ್ಪುತ್ತದಲ್ಲ!

ಆದರೆ ಕೆಲವರಿಗೆ ಮುಟ್ಟಿನ ಮುಂಚಿನ ವಾರ ನಿಜಕ್ಕೂ ನರಕ. ಬದುಕೇ ಬೇಡವೆನಿಸುವ ಖಿನ್ನತೆ, ಆತಂಕ, ತಡೆಯಲಾಗದ ಸಿಟ್ಟು. ಮುಟ್ಟಾದ ಕೆಲವೇ ದಿನಗಳಲ್ಲಿ ಎಲ್ಲ ತಿಳಿಯಾಗುತ್ತದೆ. ವೈದ್ಯರು ಇದನ್ನು ಪಿಎಂಡಿಡಿ ಅನ್ನುತ್ತಾರೆ. ಮುಟ್ಟಿನ ಮುಂಚೆ ಬಹುತೇಕರಿಗಾಗುವ ಸಣ್ಣಪುಟ್ಟ ಕಿರಿಕಿರಿ ಇದಲ್ಲ.

ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿ ಡಿಎಸ್ಎಂನಲ್ಲಿ 1987ರಲ್ಲಿ ಇದನ್ನು ಬೇರೆ ಹೆಸರಿನಲ್ಲಿ ಅನುಬಂಧಕ್ಕೆ ಸೇರಿಸಿತು. 2013ರಲ್ಲಿ ಖಿನ್ನತೆಯ ಕಾಯಿಲೆಗಳ ಸಾಲಿಗೇ ತಂದಿತು. ಈ ನಡುವೆ ದೊಡ್ಡ ಜಗಳವೇ ನಡೆಯಿತು. ಮನಶ್ಶಾಸ್ತ್ರಜ್ಞೆ ಪೌಲಾ ಕ್ಯಾಪ್ಲನ್ ಮೊದಲಾದವರು, ಮುಟ್ಟಿಗೆ ಹುಚ್ಚಿನ ಹಣೆಪಟ್ಟಿ ಹಚ್ಚಬೇಡಿ ಎಂದರು. ಮನೆಯ ಹಿಂಸೆ, ದುಡಿಮೆಯ ಹೊರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುತ್ತಾರೆ ಅನ್ನೋದು ಅವರ ಭಯ. 2000ದಲ್ಲಿ ಎಲಿ ಲಿಲ್ಲಿ ಕಂಪನಿ ತನ್ನ ಹಳೆಯ ಪ್ರೊಜ್ಯಾಕ್ ಔಷಧವನ್ನೇ ಬಣ್ಣ ಬದಲಿಸಿ, ಸಾರಾಫೆಮ್ ಎಂದು ಇದಕ್ಕಾಗಿ ಮಾರಿದಾಗ ಅನುಮಾನ ಇನ್ನೂ ಬಲವಾಯಿತು.

ಇನ್ನೊಂದು ಕಡೆಯ ವಾದವೂ ಹಗುರವಲ್ಲ. ಹೆಸರಿಲ್ಲದ ನೋವಿಗೆ ಚಿಕಿತ್ಸೆ ಸಿಗೋದು ಕಷ್ಟ. 1998ರ ಒಂದು ಅಧ್ಯಯನದಲ್ಲಿ ಕಂಡದ್ದಿದು: ಇಂಥವರ ಹಾರ್ಮೋನ್ ಮಟ್ಟ ಉಳಿದವರಂತೆಯೇ ಇರುತ್ತದೆ, ಅದರ ಏರಿಳಿತಕ್ಕೆ ಅವರ ಮಿದುಳು ಸ್ಪಂದಿಸುವ ರೀತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಐಸಿಡಿ-11ರಲ್ಲಿ ಇದನ್ನು ಮೊದಲಿಗೆ ಸ್ತ್ರೀರೋಗಗಳ ಜೊತೆ ಇಟ್ಟು, ಖಿನ್ನತೆಯ ಪಟ್ಟಿಯಲ್ಲೂ ತೋರಿಸಿದೆ.

ಹಣೆಪಟ್ಟಿಗೆ ಎರಡೂ ಕಡೆ ಹರಿತ. 2018ರಲ್ಲಿ ರಾಜಸ್ಥಾನ ಹೈಕೋರ್ಟ್ ಮುಟ್ಟಿನ ಮುಂಚಿನ ತೊಂದರೆಯ ವಾದವನ್ನು ಒಪ್ಪಿ ಕೊಲೆ ಪ್ರಕರಣದ ಮಹಿಳೆಯೊಬ್ಬರನ್ನು ಬಿಡುಗಡೆ ಮಾಡಿತು. ಅಲ್ಲಿ ಕಾಪಾಡಿದ ಅದೇ ವಾದವನ್ನು ನಾಳೆ ಇನ್ನೊಬ್ಬಳಿಂದ ಮಗುವನ್ನೋ ಕೆಲಸವನ್ನೋ ಕಿತ್ತುಕೊಳ್ಳೋಕೆ ಬಳಸಬಹುದು.

ಹಾಗಾಗಿ ರೋಗ ಎನ್ನುವ ಮುನ್ನ ಅಳತೆ ಬೇಕು. ಕನಿಷ್ಠ ಎರಡು ತಿಂಗಳು ದಿನದಿನದ ಮನಸ್ಥಿತಿ ಬರೆದಿಡಬೇಕು. ತಿಂಗಳಿಡೀ ದುಃಖವಿದ್ದರೆ ಅದರ ಕಾರಣ ಬೇರೆ ಇರಬಹುದು, ಅದನ್ನೂ ಹುಡುಕಬೇಕು. ಮುಟ್ಟಿನ ಮುಂಚೆ ಮಾತ್ರ ಬಂದು ಹೋಗುತ್ತಿದ್ದರೆ ಆ ಬರಹ ಹಿಡಿದು ವೈದ್ಯರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಬಂದರೆ ಮಾತ್ರ ಎರಡು ತಿಂಗಳು ಕಾಯೋದು ಬೇಡ, ಅವತ್ತೇ ಹೋಗಬೇಕು.